ಅಪ್‌ಡೇಟ್: ಟಗರು ಮರಿಗಳಿಗೆ ಡಿಡಿಜಿಎಸ್ ತಿನ್ನಿಸಿದ ಬಳಿಕ

ಮಾರಾಟಕ್ಕೆ ಮುನ್ನ ಕೊಬ್ಬಿಸುವ ಟಗರು ಮರಿಗಳಿಗೆ ಮೆಕ್ಕೆಜೋಳದ ಒಂದು ಪಾಲಿನ ಬದಲು ಎಥನಾಲ್ ಕಾರ್ಖಾನೆಯ ಡಿಡಿಜಿಎಸ್ (ಧಾನ್ಯದಿಂದ ಎಥನಾಲ್ ತೆಗೆದ ಮೇಲೆ ಉಳಿಯುವ, ಒಣಗಿಸಿದ ಶೇಷ) ಕೊಡಬಹುದೇ ಎಂದು ಹಿಂದೆ ಕೇಳಿದ್ದೆ. ನಿಮ್ಮ ಸಲಹೆಯಂತೆ ಎರಡು ವಾರಗಳಲ್ಲಿ ಹಂತಹಂತವಾಗಿ ಹೆಚ್ಚಿಸಿ, ಒಟ್ಟು ಒಣ ಆಹಾರದ ಶೇ. 20ಕ್ಕೆ ನಿಲ್ಲಿಸಿದೆ; ಮೊದಲು ಮೂಸಿ ನೋಡಿ ಬಿಡುತ್ತಿದ್ದ ಮರಿಗಳು ಬೇಗನೆ ಒಗ್ಗಿಕೊಂಡವು. ಪಿಷ್ಟವು ಹುದುಗುವಿಕೆಯಲ್ಲಿ ಕಳೆದುಹೋಗಿ ಪ್ರೋಟೀನ್, ರಂಜಕಗಳು ಸುಮಾರು ಮೂರು ಪಟ್ಟು ಸಾಂದ್ರವಾಗುತ್ತವೆ, ಹೆಚ್ಚಾದ ರಂಜಕದಿಂದ ಮೂತ್ರಕಲ್ಲಿನ ಅಪಾಯವಿದೆಯೆಂಬ ಎಚ್ಚರಿಕೆಯನ್ನು ಮಾತ್ರ ನಾನು ಹಗುರವಾಗಿ ತೆಗೆದುಕೊಂಡಿದ್ದೆ, ಅದು ನನ್ನದೇ ತಪ್ಪು. ಒಂದು ಮರಿ ತಿಣುಕುತ್ತ ಹನಿಹನಿಯಾಗಿ ಮೂತ್ರ ಮಾಡುವುದನ್ನು ಕಂಡು ಪಶುವೈದ್ಯರನ್ನು ಕರೆಸಿದ ಮೇಲಷ್ಟೇ ಸುಣ್ಣಕಲ್ಲಿನ ಪುಡಿ ಬೆರೆಸಿ ಕ್ಯಾಲ್ಸಿಯಂ ಮತ್ತು ರಂಜಕದ ಅನುಪಾತವನ್ನು 2:1ಕ್ಕೆ ತಂದೆ. ಮರಿ ಉಳಿಯಿತು. ದನಗಳ ಖನಿಜ ಮಿಶ್ರಣದಲ್ಲಿರುವ ತಾಮ್ರ ಕುರಿಗಳಿಗೆ ವಿಷವಾಗಬಹುದಾದ್ದರಿಂದ ಅದನ್ನು ಬಳಸಲಿಲ್ಲ.