ಜೋಬಿಂ ಕಲಿತದ್ದೆಷ್ಟು, ಕದ್ದದ್ದೆಷ್ಟು?

ಗಿಟಾರ್‌ಗುಂಡ: ಬ್ರೆಜಿಲ್‌ನ ಸಂಗೀತಗಾರ ಟಾಮ್ ಜೋಬಿಂ ಅಮೆರಿಕದ ಜಾಜ್‌ಗೆ ತಮ್ಮ ನಾಡಿನ ಕುಣಿತದ ಸಂಗೀತ ಸಾಂಬಾ ಬೆರೆಸಿ ಬೊಸಾ ನೋವಾ ಅನ್ನೋ ಶೈಲಿ ಮಾಡಿದರು ಅನ್ನೋದು ಸುಳ್ಳು. 1927ರಲ್ಲಿ ರಿಯೊದಲ್ಲಿ ಹುಟ್ಟಿದ ಹುಡುಗನಿಗೆ ಪಿಯಾನೊ ಹೇಳಿಕೊಟ್ಟವರು ಜರ್ಮನಿಯಿಂದ ಬಂದ ಕೋಲ್‌ರಾಯ್ಟರ್. ತಲೆಗೆ ಹತ್ತಿದ್ದು ಬ್ರೆಜಿಲ್‌ನ ವಿಲ್ಲಾ-ಲೋಬೋಸ್, ಫ್ರಾನ್ಸ್‌ನ ಡೆಬ್ಯುಸಿ ಬರೆದ ಶಾಸ್ತ್ರೀಯ ಸಂಗೀತ. ಜಾಜ್ ಎಲ್ಲಿ ಬಂತು?

ತಂಬೂರಿ: "ಎಲ್ಲಿ ಬಂತು"? 1963ರಲ್ಲಿ ನ್ಯೂಯಾರ್ಕ್‌ನಲ್ಲಿ ಅಮೆರಿಕದ ಜಾಜ್ ವಾದಕ ಸ್ಟ್ಯಾನ್ ಗೆಟ್ಸ್ ಸ್ಯಾಕ್ಸೊಫೋನ್ ಜೊತೆ ಜೋಬಿಂ ಅವರ ಇಪನೇಮಾ ಹುಡುಗಿಯ ಹಾಡು ರೆಕಾರ್ಡ್ ಆದಾಗ ಪಿಯಾನೊ ನುಡಿಸಿದ್ದು ಇದೇ ಜೋಬಿಂ ಅಲ್ವಾ ಸ್ವಾಮಿ?

ಗಿಟಾರ್‌ಗುಂಡ: ಬೊಸಾ ನೋವಾ ಶುರು ಮಾಡಿದ ಜೋಬಿಂ ಹಾಡು 'ಶೇಗಾ ಜಿ ಸೌದಾಜಿ' 1958ರದು. ಮಗು ಹುಟ್ಟಿ ಐದು ವರ್ಷದ ಮೇಲೆ ಮನೆಗೆ ಬಂದವನನ್ನು ಅಪ್ಪ ಅನ್ನುತ್ತೀರಾ?

ಕಾಫಿಪುಡಿ: ಅಪ್ಪನ ವಿಷಯ ಬಿಡಿ. ಜೋಬಿಂ ಅವರ 'ಇನ್ಸೆನ್ಸಾಟೆಸ್' ಹಾಡು 19ನೇ ಶತಮಾನದ ಪಿಯಾನೊ ಸಂಗೀತಗಾರ ಶೋಪಾನ್‌ದು. ಅವನ ಓಪಸ್ 28 ಅನ್ನೋ ಪುಟ್ಟ ಪಿಯಾನೊ ಕೃತಿಗಳ ಗುಚ್ಛದಲ್ಲಿ ನಾಲ್ಕನೇ ಪ್ರಿಲ್ಯೂಡ್ ಕೇಳಿ. ಮೇಲೆ ಎರಡು ಸ್ವರ ಓಲಾಡುತ್ತವೆ, ಕೆಳಗೆ ಎಡಗೈ ಅರ್ಧರ್ಧ ಸ್ವರ ಇಳಿಯುತ್ತದೆ. ಇಲ್ಲೂ ಅದೇ. ಸುಮ್ನೆ ಕದ್ದದ್ದು.

ತಂಬೂರಿ: "ಸುಮ್ನೆ ಕದ್ದದ್ದು"! ಹಾಗಾದರೆ ಕಲ್ಯಾಣಿಯಲ್ಲಿ ಕೃತಿ ಮಾಡಿದವರೆಲ್ಲ ಕಳ್ಳರಾ?

ಕಾಫಿಪುಡಿ: ರಾಗ ಬೇರೆ, ಧಾಟಿ ಎತ್ತೋದು ಬೇರೆ. ಗೊತ್ತಿಲ್ಲದೆ ಮಾತಾಡಬೇಡಿ.

ತಂಬೂರಿ: ಇಪ್ಪತ್ತು ವರ್ಷ ವೀಣೆ ನುಡಿಸಿದ್ದೇನೆ!!

ಕಾಫಿಪುಡಿ: ವೀಣೆ ನುಡಿಸಿದರೆ ಶೋಪಾನ್ ಬಂದುಬಿಡುತ್ತಾ?

ಮೂರನೇಬೆಂಚು: ನಿಮ್ಮ ಜಗಳದಲ್ಲಿ 'ಒಂದೇ ಸ್ವರದ ಸಾಂಬಾ' ಮರೆತಿರಿ. ಜೋಬಿಂ ಗೆಳೆಯ ನ್ಯೂಟನ್ ಮೆಂಡೋನ್ಸಾ ಜೊತೆ ಸೇರಿ ಮಾಡಿದ್ದು. ನಮ್ಮಲ್ಲಿ ಶ್ರುತಿ ನಿಂತಿರುತ್ತದೆ, ಹಾಡು ಓಡಾಡುತ್ತದೆ. ಅಲ್ಲಿ ಹಾಡು ಒಂದೇ ಸ್ವರ ಹಿಡಿದು ಕೂರುತ್ತದೆ, ಕೆಳಗೆ ಕಾರ್ಡ್‌ಗಳು, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪುಗಳು, ಜಾರುತ್ತವೆ. ಎಷ್ಟು ಚೆಂದ, ಅಲ್ವಾ? ಅಂದಹಾಗೆ, ಆ ಕೋಲ್‌ರಾಯ್ಟರ್ ಆಮೇಲೆ 60ರ ದಶಕದಲ್ಲಿ ದೆಹಲಿಯಲ್ಲೂ ಇದ್ದರು.

ಗಿಟಾರ್‌ಗುಂಡ: "ದೆಹಲಿ"! ಈಗ ಬೊಸಾ ನೋವಾನೂ ನಮ್ಮದೇ ಅಂತ ಶುರು ಮಾಡಿ.

ಮೂರನೇಬೆಂಚು: ಹಾಗೆ ಎಲ್ಲಿ ಹೇಳಿದೆ? ಜೋಬಿಂಗೆ ಪಾಠ ಹೇಳಿದ್ದು ಅದಕ್ಕೂ ಎಷ್ಟೋ ಮೊದಲು.

ಕಾಫಿಪುಡಿ: ಎಡಗೈ ವಿಷಯಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಗಮನಿಸಿದ್ದೇನೆ.

ತಂಬೂರಿ: ಶುರುವಿನ ಸಾಲಲ್ಲಿ ಹೋಲಿಕೆ ಇದೆ. ಇದ್ದರೆ ಏನೀಗ? ಮೇಲಿನ ಗಿಟಾರ್ ತಾಳ ಶೋಪಾನ್ ಕೊಟ್ಟನಾ? ಅದು ಬ್ರೆಜಿಲ್‌ನ ಗಾಯಕ, ಗಿಟಾರ್ ವಾದಕ ಜುವಾಂವ್ ಜಿಲ್ಬೆರ್ಟೊ ಕೈ. ಕಾರ್ಡ್ ಮಾತ್ರ ಜಾಜ್.

ಗಿಟಾರ್‌ಗುಂಡ: "ಕಾರ್ಡ್ ಮಾತ್ರ ಜಾಜ್" ಅಂತೆ. ಡೆಬ್ಯುಸಿ ಸತ್ತದ್ದು 1918ರಲ್ಲಿ. ಆ ಕಾರ್ಡ್‌ಗಳನ್ನು ಜಾಜ್‌ನವರೇ ಅವನ ಸಂಗೀತದಿಂದ ತಂದುಕೊಂಡರು.

ಕಾಫಿಪುಡಿ: ನೋಡಿ, ಇನ್ನೊಂದು ಕಳ್ಳತನ.