ಮೊಸರು ನಿಲ್ಲಿಸಬೇಡಿ ಅತ್ತೆ

ಅತ್ತೆ, ನಿಮ್ಮ ಸಂದೇಶ ಈಗ ನೋಡಿದೆ. ಹಾಲು ಕುಡಿದರೆ ಮಾವನಿಗೆ ಹೊಟ್ಟೆ ಉಬ್ಬರಿಸಿ ಭೇದಿಯಾಗುತ್ತದೆ, ಹಾಲಿನ ಸಕ್ಕರೆ ಜೀರ್ಣವಾಗುತ್ತಿಲ್ಲ ಎಂದು ವೈದ್ಯರು ಹೇಳಿದ್ದಾರೆ, ಮೊಸರನ್ನೂ ನಿಲ್ಲಿಸಬೇಕೇ ಎಂದು ಕೇಳಿದ್ದೀರಿ. ಹಾಲು, ಮೊಸರು ಎರಡೂ ಒಂದೇ ಎಂದು ಚಿಕ್ಕಪ್ಪ ಬರೆದಿದ್ದಾರೆ. ಚಿಕ್ಕಪ್ಪ, ಕರುಳಿನ ಮಟ್ಟಿಗೆ ಅವು ಒಂದೇ ಅಲ್ಲ. ಸ್ವಲ್ಪ ಉದ್ದವಾಗುತ್ತದೆ, ಪೂರ್ತಿ ಕೇಳಿ.

ಹಾಲಿನ ಸಕ್ಕರೆ ಎಂದರೆ ಲ್ಯಾಕ್ಟೋಸ್. ಅದು ಇಡಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಸಣ್ಣ ಕರುಳಿನ ಒಳಪದರದಲ್ಲಿರುವ ಲ್ಯಾಕ್ಟೇಸ್ ಎಂಬ ಕಿಣ್ವ ಅದನ್ನು ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್ ಆಗಿ ಒಡೆಯಬೇಕು. ಎದೆಹಾಲು ಬಿಟ್ಟ ಮೇಲೆ ನಮ್ಮ ಕಡೆ ಬಹಳ ಜನರಲ್ಲಿ ಈ ಕಿಣ್ವ ಕುಗ್ಗುತ್ತಾ ಹೋಗುತ್ತದೆ. ಮಾವ ಇದಕ್ಕೆ ಹೆದರಬೇಕಾಗಿಲ್ಲ. ಒಡೆಯದೆ ಉಳಿದ ಸಕ್ಕರೆ ನೀರನ್ನು ಎಳೆದುಕೊಂಡು ದೊಡ್ಡ ಕರುಳಿಗೆ ಇಳಿಯುತ್ತದೆ, ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ತಿಂದು ಗ್ಯಾಸ್ ಮಾಡುತ್ತವೆ.

ಹೆಪ್ಪು ಹಾಕಿದಾಗ ಲ್ಯಾಕ್ಟೋಸ್‌ನ ಒಂದು ಪಾಲು ಹುಳಿಯಾಗಿ ಮಾರ್ಪಡುತ್ತದೆ, ನಿಜ. ಆದರೆ ಹೆಚ್ಚಿನ ಪಾಲು ಮೊಸರಿನಲ್ಲೇ ಉಳಿದಿರುತ್ತದೆ. ಹಾಗಿದ್ದೂ ಅದು ಒಗ್ಗುವುದೇಕೆ? ಮೊಸರಿನ ಬ್ಯಾಕ್ಟೀರಿಯಾಗಳ ಒಳಗೇ ಲ್ಯಾಕ್ಟೋಸ್ ಒಡೆಯುವ ಕಿಣ್ವವಿದೆ. ಜಠರದ ಆಮ್ಲದಿಂದ ಅದನ್ನು ಆ ಜೀವಕೋಶದ ಗೋಡೆಯೇ ಕಾಯುತ್ತದೆ. ಸಣ್ಣ ಕರುಳಿನಲ್ಲಿ ಪಿತ್ತರಸ ತಗಲಿ ಗೋಡೆ ಸಡಿಲವಾದಾಗ ಕಿಣ್ವ ಕೆಲಸಕ್ಕೆ ಇಳಿಯುತ್ತದೆ. ಎಷ್ಟು ಚೆಂದದ ಏರ್ಪಾಡು ನೋಡಿ! 1984ರಲ್ಲಿ ಅಮೆರಿಕದ ಸಂಶೋಧಕರು ಇಂಥ ತೊಂದರೆ ಇದ್ದವರ ಉಸಿರಿನಲ್ಲಿ ಹೈಡ್ರೋಜನ್ ಅಳೆದರು. ದೊಡ್ಡ ಕರುಳಿನಲ್ಲಿ ಆಗುವ ಗ್ಯಾಸ್‌ನಲ್ಲಿ ಅದೂ ಇರುತ್ತದೆ, ಹೆಚ್ಚು ಬಂದಷ್ಟೂ ಸಕ್ಕರೆ ಒಡೆಯದೆ ಉಳಿದಿದೆ ಎಂದರ್ಥ. ಅಷ್ಟೇ ಲ್ಯಾಕ್ಟೋಸ್ ಇರುವ ಹಾಲು ಕುಡಿದಾಗ ಬಂದದ್ದರ ಸುಮಾರು ಮೂರನೇ ಒಂದು ಪಾಲು ಮಾತ್ರ ಯೋಗರ್ಟ್, ಅಂದರೆ ಅಲ್ಲಿನ ಮೊಸರು, ತಿಂದಾಗ ಬಂದಿತ್ತು. ಗಟ್ಟಿ ಮೊಸರು ಜಠರದಿಂದ ನಿಧಾನವಾಗಿ ಇಳಿಯುವುದೂ ಅನುಕೂಲವೇ.

ಹಾಲು ಬಿಟ್ಟವರಿಗೆ ಕ್ಯಾಲ್ಸಿಯಂ, ಪ್ರೋಟೀನ್, ಬಿ12 ಮೊಸರಿನಿಂದ ಸಿಗುತ್ತವೆ. ಮಾವನ ವಯಸ್ಸಿಗೆ ಇದನ್ನು ಸುಮ್ಮನೆ ಕಳೆದುಕೊಳ್ಳಬಾರದು. ವಿಟಮಿನ್ ಡಿ ಕಡಿಮೆ ಇದ್ದರೆ ಕರುಳು ಕ್ಯಾಲ್ಸಿಯಂ ಅನ್ನು ಸರಿಯಾಗಿ ಹೀರುವುದಿಲ್ಲ, ಅದನ್ನೊಮ್ಮೆ ಪರೀಕ್ಷೆ ಮಾಡಿಸಿ.

ಅಡುಗೆಮನೆಯಲ್ಲಿ ಒಂದು ಎಚ್ಚರ ಬೇಕು. ಕುದಿಸಿದ ಮಜ್ಜಿಗೆಹುಳಿಯಲ್ಲಿ ಈ ಕಿಣ್ವ ಉಳಿಯುವುದಿಲ್ಲ. ಮೊಸರನ್ನಕ್ಕೂ ಹಬೆಯಾಡುವ ಅನ್ನ ಬೇಡ, ಆರಿದ ಮೇಲೆ ಕಲಸಿ. ಮನೆಮನೆಯ ಹೆಪ್ಪಿನಲ್ಲಿ ಬ್ಯಾಕ್ಟೀರಿಯಾ ಬೇರೆಬೇರೆ ಇರುತ್ತವೆ, ಆದ್ದರಿಂದ ಊಟದ ಜೊತೆ ಅರ್ಧ ಬಟ್ಟಲಿನಿಂದ ಆರಂಭಿಸಿ.

ಅಕ್ಕ, ಇದನ್ನು ಕೇಳಿ ನೀನು ಪಾಪುವಿಗೆ ಮೊಸರು ಕೊಟ್ಟುಬಿಡಬೇಡ. ಅವನಿಗಿರುವುದು ಹಾಲಿನ ಪ್ರೋಟೀನಿನ ಅಲರ್ಜಿ, ಆ ಪ್ರೋಟೀನ್ ಮೊಸರಿನಲ್ಲೂ ಇರುತ್ತದೆ.