ಟೂರಿಂಗ್ ಬೈಕ್ ಮೇಲೆ ಇಬ್ಬರು, ಮೂರು ಬಾಕ್ಸ್: ಎಷ್ಟು ತೂಕದವರೆಗೆ ಸರಿ?

ದೂರದಾರಿ:
ನಮಸ್ಕಾರ. ಹೆಂಡತಿ ಜೊತೆ ಒಂದು ವಾರದ ಪ್ರವಾಸಕ್ಕೆ ಹೊರಟಿದ್ದೇನೆ. ಬೈಕಿನ ಮ್ಯಾನುಯಲ್‌ನಲ್ಲಿ ಗರಿಷ್ಠ ಒಟ್ಟು ತೂಕ 385 ಕೆಜಿ, ಕರ್ಬ್ ವೇಟ್ (ಪೆಟ್ರೋಲ್, ಆಯಿಲ್ ತುಂಬಿದ, ಸವಾರರಿಲ್ಲದ ಬೈಕಿನ ತೂಕ) 198 ಕೆಜಿ ಅಂತಿದೆ. ನಾನು 78 ಕೆಜಿ, ಅವಳು 62. ಎರಡು ಅಲ್ಯುಮಿನಿಯಂ ಸೈಡ್ ಬಾಕ್ಸ್, ಒಂದು ಟಾಪ್ ಬಾಕ್ಸ್ ಹಾಕಿಸಿದ್ದೇನೆ. ಹಿಂದಿನ ಟೈರಿನ ಮೇಲೆ ಬರೆದಿರುವ ಲೋಡ್ ಇಂಡೆಕ್ಸ್ (ಟೈರ್ ಹೊರಬಲ್ಲ ಭಾರದ ಸಂಕೇತ) 69, ಅಂದರೆ 325 ಕೆಜಿ. ಟೈರೇ ಅಷ್ಟು ತಡೆಯುವಾಗ ಇಪ್ಪತ್ತು ಕೆಜಿ ಜಾಸ್ತಿಯಾದರೆ ಏನಾಗುತ್ತೆ ಅಂತಾರೆ ಗೆಳೆಯರು. ನಿಜವೇ?

ಚೈನ್‌ಸ್ಪ್ರಾಕೆಟ್:
ಗೆಳೆಯರ ಮಾತು ದಯವಿಟ್ಟು ಬಿಡಿ. 385ರಲ್ಲಿ 198 ಕಳೆದರೆ ಉಳಿಯುವುದು 187. ಅದರಲ್ಲಿ ನೀವಿಬ್ಬರೇ 140. ಉಳಿದ 47ರಲ್ಲಿ ಏನೇನು ಸೇರುತ್ತೆ ನೋಡಿ. ಹೆಲ್ಮೆಟ್, ಜಾಕೆಟ್, ಪ್ಯಾಂಟ್, ಬೂಟು ಅಂತ ಒಬ್ಬೊಬ್ಬರಿಗೆ ಏಳೆಂಟು ಕೆಜಿ. ಅಲ್ಯುಮಿನಿಯಂ ಬಾಕ್ಸ್ ಖಾಲಿ ಇದ್ದರೂ ಒಂದೊಂದು ಐದು ಕೆಜಿ ಆಸುಪಾಸು, ಅದನ್ನು ಹಿಡಿಯುವ ಸ್ಟೇ (ಕಬ್ಬಿಣದ ಚೌಕಟ್ಟು) ಬೇರೆ. ಟಾಪ್ ಬಾಕ್ಸ್, ಕ್ರ್ಯಾಶ್ ಗಾರ್ಡ್ ಸೇರಿಸಿ. ಒಂದು ಅಂಗಿ ಮಡಚಿಡುವ ಮೊದಲೇ ನಿಮಗೆ ಉಳಿದಿರುವುದು ಹತ್ತು ಕೆಜಿಯಷ್ಟೇ! ಹೊರಗಿನಿಂದ ಹಾಕಿಸಿದ ಯಾವುದೂ ಕರ್ಬ್ ವೇಟ್‌ನಲ್ಲಿ ಇರುವುದಿಲ್ಲ, ಇದನ್ನೇ ಎಲ್ಲರೂ ಮರೆಯುವುದು. ಕೆಲವು ಕಡೆ ಡ್ರೈ ವೇಟ್ ಕೊಟ್ಟಿರುತ್ತಾರೆ, ಅದರಲ್ಲಿ ಪೆಟ್ರೋಲ್ ಸೇರಿರಲ್ಲ. 17 ಲೀಟರ್ ಟ್ಯಾಂಕ್ ಅಂದರೆ ಮತ್ತೆ ಹನ್ನೆರಡು-ಹದಿಮೂರು ಕೆಜಿ.

ಇನ್ನು ಟೈರಿನ ವಿಷಯ. 325 ಅನ್ನುವುದು ಆ ಟೈರ್ ಒಂದಕ್ಕೇ ಅನ್ವಯ, ಅದೂ ಅದಕ್ಕೆ ಹೇಳಿದಷ್ಟು ಗಾಳಿ ಇದ್ದಾಗ. ಸಬ್‌ಫ್ರೇಮ್‌ನ (ಸೀಟು, ಬಾಕ್ಸ್ ಹೊರುವ ಹಿಂದಿನ ಚೌಕಟ್ಟು) ವೆಲ್ಡಿಂಗ್, ರಿಮ್, ಶಾಕ್, ಬ್ರೇಕ್, ಇವುಗಳ ಬಗ್ಗೆ ಟೈರ್ ಏನೂ ಹೇಳುವುದಿಲ್ಲ. ಇವೆಲ್ಲ ಸೇರಿ ತಡೆಯುವ ಮಿತಿಯೇ 385. ಹಿಂಬದಿ ಸವಾರರ ತೂಕ, ಮೂರೂ ಬಾಕ್ಸ್‌ಗಳ ತೂಕ ಹೆಚ್ಚೂಕಮ್ಮಿ ಪೂರ್ತಿ ಹಿಂದಿನ ಚಕ್ರದ ಮೇಲೇ ಬೀಳುತ್ತೆ.

ಹಿಂದಿನಸೀಟು:
ನಾನು ಯಾವಾಗಲೂ ಹಿಂದೆ ಕೂರುವವಳು, ಹಾಗಾಗಿ ಟಾಪ್ ಬಾಕ್ಸ್ ಬಗ್ಗೆ ಒಂದು ಮಾತು. ಒಳಗಿನ ಸ್ಟಿಕ್ಕರ್ ಓದಿ, ಎಷ್ಟೋ ಬಾಕ್ಸ್‌ಗಳಿಗೆ 5 ಕೆಜಿಯೇ ಮಿತಿ. ಅದು ಹಿಂದಿನ ಆಕ್ಸೆಲ್‌ಗಿಂತಲೂ ಆಚೆ ಇರುವುದರಿಂದ ಭಾರ ತುಂಬಿದಷ್ಟೂ ಮುಂದಿನ ಚಕ್ರ ಹಗುರವಾಗುತ್ತೆ, ವೇಗದಲ್ಲಿ ಹ್ಯಾಂಡಲ್ ಆಡತೊಡಗುತ್ತೆ. ರೇನ್‌ಕೋಟ್, ಟವೆಲ್ ಮಾತ್ರ ಅಲ್ಲಿಡಿ. ಟೂಲ್ಸ್, ಪಂಕ್ಚರ್ ಕಿಟ್ ಸೈಡ್ ಬಾಕ್ಸ್‌ನ ತಳಕ್ಕೆ, ಎರಡೂ ಕಡೆ ಸಮನಾಗಿ.

ದೂರದಾರಿ:
ಹಿಂದಿನ ಶಾಕ್‌ನ ಪ್ರಿಲೋಡ್ (ಸ್ಪ್ರಿಂಗ್ ಬಿಗಿ ಮಾಡುವ ಸೆಟ್ಟಿಂಗ್) ಪೂರ್ತಿ ಬಿಗಿ ಮಾಡಿದರೆ ಸ್ವಲ್ಪ ಜಾಸ್ತಿ ಹೊರಬಹುದಾ?

ಚೈನ್‌ಸ್ಪ್ರಾಕೆಟ್:
ಇಲ್ಲ. ಪ್ರಿಲೋಡ್ ಕುಸಿದ ಹಿಂಭಾಗವನ್ನು ಮೇಲೆತ್ತುತ್ತೆ, ಹೊರುವ ಶಕ್ತಿ ಕೊಡುವುದಿಲ್ಲ. ಇಬ್ಬರೂ ಕೂತು, ಲಗೇಜ್ ಏರಿಸಿದ ಮೇಲೆ ಹಿಂದಿನ ಶಾಕ್ ತನ್ನ ಟ್ರಾವೆಲ್‌ನಲ್ಲಿ, ಅಂದರೆ ಪೂರ್ತಿ ಇಳಿಯಬಲ್ಲ ದೂರದಲ್ಲಿ, ಸುಮಾರು ಮೂರನೇ ಒಂದರಷ್ಟು ಮಾತ್ರ ಇಳಿಯಬೇಕು. 180 ಮಿ.ಮೀ. ಇದ್ದರೆ 60ರ ಒಳಗೆ. ಗಾಳಿ ಟೈರ್ ತಣ್ಣಗಿರುವಾಗಲೇ ನೋಡಿ, ಮ್ಯಾನುಯಲ್‌ನಲ್ಲಿ ಇಬ್ಬರು ಸವಾರರಿಗೆ ಬೇರೆ ಅಂಕಿ ಇರುತ್ತೆ.

ನನ್ನ ಸಲಹೆ ಕೇಳಿದರೆ ಅಲ್ಯುಮಿನಿಯಂ ಬಿಚ್ಚಿಡಿ, ಬಟ್ಟೆಯ ಸ್ಯಾಡಲ್ ಬ್ಯಾಗ್ ಹಾಕಿ, ಏಳೆಂಟು ಕೆಜಿ ಅಲ್ಲೇ ಉಳಿಯುತ್ತೆ. ಪ್ರತಿ ಬ್ಯಾಗನ್ನೂ ತೂಗುಹಾಕುವ ತಕ್ಕಡಿಯಲ್ಲಿ ತೂಗಿ ಬರೆದಿಟ್ಟುಕೊಳ್ಳಿ. ಲೋಡ್ ಆದ ಮೇಲೆ ರಾತ್ರಿ ಗೋಡೆಯ ಎದುರು ಹೆಡ್‌ಲೈಟ್ ಹಾಕಿ ನೋಡಿ. ಹಿಂಭಾಗ ತಗ್ಗಿದ್ದರೆ ಬೆಳಕು ಎದುರಿನವರ ಕಣ್ಣಿಗೇ ಹೊಡೆಯುತ್ತೆ, ಹೆಡ್‌ಲೈಟ್ ಕೆಳಗಿಳಿಸಿಕೊಳ್ಳಿ.